ಶನಿವಾರವೋ, ಭಾನುವಾರವೋ? ಕ್ರೈಸ್ತರ ಆರಾಧನೆಯ ದಿನದ ವಿಚಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ವಾರದ ಏಳು ದಿನಗಳಲ್ಲಿ ಯಾವುದಾದರೂ ಒಂದನ್ನು ದೇವರ ಹೆಸರಿಗೆ ಮೀಸಲಿಡದ ಜನ ನಮ್ಮ ಸೀಮೆಯಲ್ಲಿ ವಿರಳ. ಮಲೆಯ ಮಾದಪ್ಪನ ಒಕ್ಕಲಿಗೆ ಸೋಮವಾರ ದೊಡ್ಡದು. ಗುಂಡ್ಲುಪೇಟೆಯ ಕಡೆಯವರಿಗೆ ಶ್ರಾವಣ ಶನಿವಾರವೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತುವ ದಿನ. ಮುಸಲ್ಮಾನ ಬಾಂಧವರಿಗೆ ಶುಕ್ರವಾರದ ಜುಮಾ ನಮಾಜು. ಕ್ರೈಸ್ತರಿಗೋ? ಯಾರನ್ನು ಕೇಳಿದರೂ ‘ಭಾನುವಾರ’ ಎಂದು ತಡೆಯಿಲ್ಲದೆ ಉತ್ತರ ಬರುತ್ತದೆ. ಚಾಮರಾಜನಗರ, ಕೊಳ್ಳೇಗಾಲ, ಗುಂಡ್ಲುಪೇಟೆಗಳಲ್ಲಿಯೂ, ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಕ್ರೈಸ್ತ ಗ್ರಾಮಗಳಲ್ಲಿಯೂ ನಾವು ಕಂಡಿರುವುದು ಭಾನುವಾರದ ಪೂಜೆಯನ್ನೇ.

ಆದರೆ ಕ್ರೈಸ್ತರೆಲ್ಲರೂ ಈ ಉತ್ತರವನ್ನು ಒಪ್ಪುವುದಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರು, ಎಂದರೆ ಏಳನೆಯ ದಿನವನ್ನು ಆಚರಿಸುವವರು, ಶುಕ್ರವಾರ ಸೂರ್ಯ ಮುಳುಗಿದಂದಿನಿಂದ ಶನಿವಾರ ಸೂರ್ಯ ಮುಳುಗುವವರೆಗೆ ದುಡಿಮೆಯನ್ನು ಬಿಟ್ಟು ಆರಾಧನೆಯಲ್ಲಿ ಕಳೆಯುತ್ತಾರೆ. ಅವರು ನಮಗೆ ದೂರದವರಲ್ಲ. 1942ರಲ್ಲಿ ಪುಣೆಗೆ ಹೋಗುವ ಮುನ್ನ ಅವರ ದಕ್ಷಿಣ ಭಾರತದ ತರಬೇತಿ ಶಾಲೆ ಇದ್ದದ್ದು ಬೆಂಗಳೂರಿನ ಕೃಷ್ಣರಾಜಪುರದಲ್ಲಿ. ಅಲ್ಲಿಯ ಲೌರಿ ವಿದ್ಯಾಸಂಸ್ಥೆ ಇಂದಿಗೂ ಅವರದೇ. ಒಂದೇ ಬೈಬಲನ್ನು ಓದುವ ಜನರಲ್ಲಿ ಒಂದು ದಿನದ ವಿಷಯಕ್ಕೆ ಇಷ್ಟು ಭೇದ ಹೇಗೆ ಬಂದಿತು? ಕ್ರೈಸ್ತನಲ್ಲದ, ಚರಿತ್ರೆಯ ವಿದ್ಯಾರ್ಥಿಯಾದ ನನಗೆ ತಿಳಿದಮಟ್ಟಿಗೆ ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಏಳನೆಯ ದಿನ ಯಾವುದು?

ಮೊದಲು ಒಂದು ಸಂದೇಹವನ್ನು ನಿವಾರಿಸಿಕೊಳ್ಳೋಣ. ಇಷ್ಟು ಸಾವಿರ ವರ್ಷಗಳಲ್ಲಿ ದಿನಗಳ ಲೆಕ್ಕ ತಪ್ಪಿರಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ವಾರದ ಲೆಕ್ಕ ಹಾಗೆ ತಪ್ಪಿದಂತೆ ಕಾಣುವುದಿಲ್ಲ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಪಂಚಾಂಗವನ್ನು ತಿದ್ದಿದಾಗ ಹತ್ತು ತಾರೀಖುಗಳನ್ನು ಬಿಟ್ಟರು. ಆದರೆ ಅಕ್ಟೋಬರ್ 4ರ ಗುರುವಾರದ ಮಾರನೆಯ ದಿನ ಅಕ್ಟೋಬರ್ 15ರ ಶುಕ್ರವಾರವೇ ಆಯಿತು. ತಾರೀಖು ಹಾರಿತು, ವಾರ ಹಾರಲಿಲ್ಲ. ಯೆಹೂದ್ಯರು ದೇಶದೇಶಗಳಲ್ಲಿ ಚದರಿಹೋದರೂ ಅವರೆಲ್ಲರ ಸಬ್ಬತ್ ಒಂದೇ ದಿನ ಬರುತ್ತದೆ. ಅದು ನಮ್ಮ ಪಂಚಾಂಗದ ಶನಿವಾರ. ಗ್ರೀಕರು ಶನಿವಾರವನ್ನು ಇಂದಿಗೂ ‘ಸಬ್ಬಾತೊ’ ಎಂದೂ, ಭಾನುವಾರವನ್ನು ಕರ್ತನ ದಿನವೆಂಬ ಅರ್ಥದಲ್ಲಿ ‘ಕಿರಿಯಾಕಿ’ ಎಂದೂ ಕರೆಯುತ್ತಾರೆ. ಆದುದರಿಂದ ಏಳನೆಯ ದಿನ ಶನಿವಾರವೆಂಬುದನ್ನು ಭಾನುವಾರದ ಪಕ್ಷದವರೂ ಒಪ್ಪುತ್ತಾರೆ. ವಿವಾದವಿರುವುದು ಬೇರೆ ಕಡೆ: ಏಳನೆಯ ದಿನದ ಆಜ್ಞೆ ಕ್ರೈಸ್ತರನ್ನೂ ಕಟ್ಟುತ್ತದೆಯೇ, ಇಲ್ಲವೇ?

ಶನಿವಾರದ ಪಕ್ಷ

ಶನಿವಾರದವರ ವಾದ ಸರಳವಾದುದು. ದೇವರು ಆರು ದಿನ ಸೃಷ್ಟಿಕಾರ್ಯವನ್ನು ನಡೆಸಿ ಏಳನೆಯ ದಿನ ವಿಶ್ರಮಿಸಿ ಆ ದಿನವನ್ನು ಪವಿತ್ರಗೊಳಿಸಿದನೆಂದು ಆದಿಕಾಂಡ ಹೇಳುತ್ತದೆ. ಮೋಶೆಯ ಮೂಲಕ ಬಂದ ಹತ್ತು ಆಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆಯೂ ಒಂದು. ಕೊಲ್ಲಬಾರದು, ಕದಿಯಬಾರದು ಎಂಬ ಆಜ್ಞೆಗಳು ಎಲ್ಲ ಕಾಲಕ್ಕೂ ಸಲ್ಲುವುದಾದರೆ ಅವುಗಳ ನಡುವೆ ನಿಂತಿರುವ ಇದೊಂದು ಮಾತ್ರ ಏಕೆ ಸಲ್ಲಬಾರದು? ಯೇಸು ತಾನೇ ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುತ್ತಿದ್ದನು. ಆತನು ಶಿಲುಬೆಯ ಮೇಲೆ ಸತ್ತ ಮೇಲೆ ಶಿಷ್ಯೆಯರು ಸುಗಂಧದ್ರವ್ಯಗಳನ್ನು ಸಿದ್ಧಮಾಡಿಕೊಂಡರೂ ಸಬ್ಬತ್ತು ಕಳೆಯುವವರೆಗೆ ಸಮಾಧಿಗೆ ಹೋಗಲಿಲ್ಲ. ಪೌಲನು ಊರೂರಿನಲ್ಲಿ ಬೋಧಿಸಿದ್ದೂ ಸಬ್ಬತ್ ದಿನಗಳಲ್ಲೇ. ದಿನವನ್ನು ಬದಲಾಯಿಸಿರೆಂದು ಯೇಸುವಾಗಲಿ ಅಪೊಸ್ತಲರಾಗಲಿ ಹೇಳಿದ ಒಂದು ವಾಕ್ಯವನ್ನಾದರೂ ತೋರಿಸಿ ಎಂಬುದು ಅವರ ಸವಾಲು.

ಈ ವಾದ ಹೊಸತೂ ಅಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಏಳನೆಯ ದಿನದ ಬ್ಯಾಪ್ಟಿಸ್ಟರೆಂಬವರು ಹುಟ್ಟಿಕೊಂಡರು. 1671ರಲ್ಲಿ ಅಮೆರಿಕದ ನ್ಯೂಪೋರ್ಟಿನಲ್ಲಿ ಅವರ ಸಭೆ ಸ್ಥಾಪನೆಯಾಯಿತು. ಅವರಿಂದಲೇ ಶನಿವಾರದ ವಿಚಾರ ಅಡ್ವೆಂಟಿಸ್ಟರಿಗೆ ಬಂದಿತು. ಯೇಸುವಿನ ಪುನರಾಗಮನವನ್ನು ಎದುರುನೋಡುತ್ತಿದ್ದ ಜನರಿಂದ ಬೆಳೆದ ಈ ಪಂಥ 1863ರಲ್ಲಿ ಮಿಷಿಗನ್ ಪ್ರಾಂತ್ಯದಲ್ಲಿ ವ್ಯವಸ್ಥಿತ ಸಭೆಯಾಯಿತು. 1893ರಲ್ಲಿ ಪುಸ್ತಕ ಮಾರುವವರ ಮೂಲಕ ಮದರಾಸನ್ನು ಮುಟ್ಟಿತು.

ಭಾನುವಾರದ ಪಕ್ಷ

ಭಾನುವಾರದವರ ಉತ್ತರವೂ ದುರ್ಬಲವಲ್ಲ. ಯೇಸು ಸತ್ತವರೊಳಗಿಂದ ಎದ್ದದ್ದು ವಾರದ ಮೊದಲನೆಯ ದಿನ. ಆದುದರಿಂದ ಅದು ಹೊಸ ಸೃಷ್ಟಿಯ ದಿನ. ತ್ರೋವದಲ್ಲಿ ಶಿಷ್ಯರು ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಕೂಡಿದ್ದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಬಡವರ ಸಹಾಯಕ್ಕಾಗಿ ಅದೇ ದಿನ ಹಣ ತೆಗೆದಿಡಿರೆಂದು ಪೌಲನು ಕೊರಿಂಥದವರಿಗೆ ಬರೆದನು. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ವಿಷಯದಲ್ಲಿ ಯಾರೂ ನಿಮ್ಮನ್ನು ದೋಷಿಗಳೆಂದು ಎಣಿಸದಿರಲಿ ಎಂಬರ್ಥದ ಮಾತನ್ನು ಕೊಲೊಸ್ಸೆಯವರಿಗೆ ತಿಳಿಸಿದನು. ಇವರ ಅಭಿಪ್ರಾಯದಲ್ಲಿ ಸಬ್ಬತ್ತು ಇಸ್ರಾಯೇಲ್ಯರಿಗೆ ಕೊಟ್ಟ ಗುರುತು. ಕ್ರಿಸ್ತನಲ್ಲಿ ಅದರ ಉದ್ದೇಶ ಪೂರ್ಣವಾಯಿತು.

ಶನಿವಾರದವರು ಸುಮ್ಮನಿರುವುದಿಲ್ಲ. ಯೆಹೂದ್ಯರ ದಿನ ಸಂಜೆಗೆ ಆರಂಭವಾಗುವುದರಿಂದ ತ್ರೋವದ ಆ ರಾತ್ರಿಯ ಕೂಟ ನಮ್ಮ ಲೆಕ್ಕದ ಶನಿವಾರ ರಾತ್ರಿಯದು. ಪೌಲನು ಮಾರನೆಯ ದಿನ ಹೊರಡುವವನಿದ್ದುದರಿಂದ ನಡೆದ ಬೀಳ್ಕೊಡುಗೆ ಅದು ಎನ್ನುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಮಾತು ವರ್ಷಕ್ಕೊಮ್ಮೆ ಬರುವ ಹಬ್ಬದ ಸಬ್ಬತ್ತುಗಳಿಗೆ ಸಂಬಂಧಿಸಿದುದು, ವಾರದ ಸಬ್ಬತ್ತಿಗಲ್ಲ ಎನ್ನುತ್ತಾರೆ. ಹೀಗೆ ಒಂದೇ ವಾಕ್ಯ ಎರಡು ಪಕ್ಷಕ್ಕೂ ಆಧಾರವಾಗುತ್ತದೆ. ಗ್ರಂಥದಿಂದ ಮುಗಿಯದ ವಾದಕ್ಕೆ ಚರಿತ್ರೆ ಏನು ಹೇಳುತ್ತದೆಂದು ನೋಡುವುದು ನ್ಯಾಯ.

ಚರಿತ್ರೆಯ ಸಾಕ್ಷ್ಯ

ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನು ಸೂರ್ಯಾರಾಧನೆಯ ದಿನವನ್ನು ಕ್ರೈಸ್ತರ ಮೇಲೆ ಹೇರಿದನೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಇದು ಪೂರ್ತಿ ಸರಿಯಲ್ಲ. ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸನು ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ, ಊರಿನವರೂ ಹಳ್ಳಿಯವರೂ ಸೂರ್ಯನ ಹೆಸರಿನ ದಿನ ಒಂದೆಡೆ ಸೇರಿ, ಗ್ರಂಥಪಾರಾಯಣ ಮಾಡಿ, ಪ್ರಾರ್ಥಿಸಿ, ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುತ್ತಾರೆಂದು ವರ್ಣಿಸಿದ್ದಾನೆ. ಇದು ಕಾನ್‌ಸ್ಟಂಟೈನನಿಗಿಂತ ಒಂದೂವರೆ ಶತಮಾನಕ್ಕೂ ಹಿಂದಿನದು.

ಹಾಗಾದರೆ ಕಾನ್‌ಸ್ಟಂಟೈನನು ಮಾಡಿದ್ದೇನು? ಕ್ರಿ.ಶ. 321ರ ಮಾರ್ಚಿಯಲ್ಲಿ ಅವನು ಹೊರಡಿಸಿದ ಶಾಸನದ ಪ್ರಕಾರ ಭಾನುವಾರ ನ್ಯಾಯಾಧೀಶರು, ಪಟ್ಟಣವಾಸಿಗಳು, ಕಸುಬುದಾರರು ಕೆಲಸ ನಿಲ್ಲಿಸಬೇಕಾಯಿತು. ಅಂದರೆ ಭಾನುವಾರದ ಆರಾಧನೆ ಅವನಿಗಿಂತ ಹಳೆಯದು. ಭಾನುವಾರದ ರಜ ಅವನಿಂದ ಬಂದುದು. ಆರಾಧನೆ ಬೇರೆ, ವಿಶ್ರಾಂತಿ ಬೇರೆ ಎಂಬುದನ್ನು ಮರೆತುದರಿಂದಲೇ ಈ ವಾದದಲ್ಲಿ ಅರ್ಧ ಗೊಂದಲ ಹುಟ್ಟಿದೆ.

ಸೂರ್ಯನ ಹೆಸರಿನ ಆಕ್ಷೇಪಣೆಯೂ ನಿಲ್ಲುವುದಿಲ್ಲ. ದಿನಗಳಿಗೆ ಗ್ರಹಗಳ ಹೆಸರು ಬಂದದ್ದು ಹೋರೆಗಳ ಲೆಕ್ಕದಿಂದ. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಗಂಟೆಗೊಬ್ಬರಂತೆ ಎಣಿಸುತ್ತ ಹೋದರೆ, ಶನಿಯಿಂದ ಆರಂಭವಾದ ದಿನದ ಇಪ್ಪತ್ತನಾಲ್ಕು ಗಂಟೆ ಕಳೆದು ಇಪ್ಪತ್ತೈದನೆಯದು ರವಿಗೆ ಬರುತ್ತದೆ. ಆದ್ದರಿಂದ ಶನಿವಾರದ ಮಾರನೆಯ ದಿನ ರವಿವಾರ. ಭಾನುವಾರಕ್ಕೆ ಸೂರ್ಯನ ಸೋಂಕಿದೆಯೆಂದರೆ ಶನಿವಾರಕ್ಕೆ ಶನಿದೇವರ ಸೋಂಕಿಲ್ಲವೇ? ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಪೂಜೆಗೆ ಹೋಗುವ ದಿನವನ್ನು ‘ಆಯ್ತಾರ್’ ಎನ್ನುತ್ತಾರೆ; ಅದು ಆದಿತ್ಯವಾರವೇ. ಅದರಿಂದ ಅವರು ಆದಿತ್ಯನ ಭಕ್ತರಾಗಲಿಲ್ಲ.

ಹಾಗೆಂದು ಶನಿವಾರ ಒಮ್ಮೆಲೇ ಮರೆಯಾಯಿತೆಂದೂ ಹೇಳುವಂತಿಲ್ಲ. ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದ ಸಭೆ, ಕ್ರೈಸ್ತರು ಯೆಹೂದ್ಯರಂತೆ ಸಬ್ಬತ್ತಿನಲ್ಲಿ ಕೆಲಸ ಬಿಡಬಾರದೆಂದು ವಿಧಿಸಿತು. ಬಿಡುವವರು ಇದ್ದುದರಿಂದಲೇ ಈ ನಿಷೇಧ ಬೇಕಾಯಿತೆಂಬುದು ಸ್ಪಷ್ಟ. ಐದನೆಯ ಶತಮಾನದ ಚರಿತ್ರಕಾರ ಸಾಕ್ರಟೀಸನು, ರೋಮ್ ಮತ್ತು ಅಲೆಕ್ಸಾಂಡ್ರಿಯಗಳನ್ನು ಬಿಟ್ಟರೆ ಬಹುತೇಕ ಸಭೆಗಳು ಶನಿವಾರವೂ ಕೂಡುತ್ತಿದ್ದವೆಂದು ಬರೆದಿದ್ದಾನೆ. ಇಥಿಯೋಪಿಯದಲ್ಲಂತೂ ಎರಡು ದಿನಗಳನ್ನೂ ಆಚರಿಸಬೇಕೆಂದು ಹಟ ಹಿಡಿದ ಸಂನ್ಯಾಸಿಗಳು ಬಹುಕಾಲ ಹಿಂಸೆಯನ್ನು ಅನುಭವಿಸಿದರು. ಕೊನೆಗೆ 1450ರಲ್ಲಿ ದೊರೆ ಜರಾ ಯಾಕೋಬನ ಕಾಲದಲ್ಲಿ ಅವರ ಮಾತೇ ಗೆದ್ದಿತು.

ಭೂಗೋಲವೂ ಇಲ್ಲಿ ಒಂದು ವಿನೋದವನ್ನು ಮಾಡಿದೆ. ಶಾಂತ ಸಾಗರದ ಟೋಂಗಾ ದ್ವೀಪಗಳು 180 ಡಿಗ್ರಿ ರೇಖಾಂಶದ ಪೂರ್ವಕ್ಕಿದ್ದರೂ ಪಶ್ಚಿಮದ ತಾರೀಖನ್ನು ಅನುಸರಿಸುತ್ತವೆ. ರೇಖಾಂಶವನ್ನೇ ನಂಬಿದ ಅಲ್ಲಿಯ ಅಡ್ವೆಂಟಿಸ್ಟರಿಗೆ ಊರಿನವರ ಭಾನುವಾರವೇ ಏಳನೆಯ ದಿನ! ಅಲ್ಲಿ ಎರಡು ಪಕ್ಷದವರೂ ಒಂದೇ ದಿನ ದೇವಾಲಯಕ್ಕೆ ಹೋಗುತ್ತಾರೆ.

ವಿಶ್ರಾಂತಿ ಯಾರಿಗೆ?

ಈ ಚರ್ಚೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಬೇರೊಂದು ಅಂಶ. ಸಬ್ಬತ್ತಿನ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ ಅದಕ್ಕೆ ಕಾರಣ ಸೃಷ್ಟಿ. ಧರ್ಮೋಪದೇಶಕಾಂಡದಲ್ಲಿ ಕಾರಣ ಬೇರೆ: ನೀವೂ ಈಜಿಪ್ಟಿನಲ್ಲಿ ದಾಸರಾಗಿದ್ದಿರಿ, ಆದ್ದರಿಂದ ನಿಮ್ಮ ಆಳುಗಳಿಗೂ ಬಿಡುವಿರಲಿ ಎಂಬುದು ಅದರ ತಾತ್ಪರ್ಯ. ದಾಸದಾಸಿಯರು, ಪರದೇಶಿ, ಎತ್ತು, ಕತ್ತೆ, ಇವರೆಲ್ಲರ ಹೆಸರೂ ಆ ಆಜ್ಞೆಯಲ್ಲಿದೆ. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ನಮ್ಮ ರೈತರಿಗೆ ಈ ಮಾತು ಹೊಸದೆನಿಸುವುದಿಲ್ಲ.

ಆದರೆ 321ರ ಶಾಸನದಲ್ಲಿ ಬೇಸಾಯಗಾರರಿಗೆ ವಿನಾಯಿತಿ ಇತ್ತು. ಬಿತ್ತನೆಗೂ ದ್ರಾಕ್ಷಿ ನೆಡುವುದಕ್ಕೂ ತಕ್ಕ ದಿನ ಕೈಬಿಟ್ಟು ಹೋಗಬಾರದೆಂದು ಅವರಿಗೆ ಭಾನುವಾರವೂ ದುಡಿಯುವ ಅನುಮತಿ ದೊರೆಯಿತು. ವಿನಾಯಿತಿ ಎಂಬುದು ಎಷ್ಟು ಸವಿಯಾದ ಶಬ್ದ! ಪಟ್ಟಣದವನಿಗೆ ರಜ, ಹೊಲದವನಿಗೆ ದುಡಿಯುವ ಸ್ವಾತಂತ್ರ್ಯ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ‘ಭಾನುವಾರ ರಜ’ ಎಂಬ ಮಾತು ನಮ್ಮ ಮನೆಗೆ ಬಂದದ್ದೇ ನನ್ನ ಶಾಲೆಯ ಚೀಲದೊಡನೆ. ಅರಿಸಿನದ ಹೊಲದಲ್ಲಿ ಕೂಲಿ ಮಾಡುವವಳಿಗೂ, ಕರಿಕಲ್ಲಿನ ಕ್ವಾರಿಯಲ್ಲಿ ದಿನಗೂಲಿಗೆ ನಿಂತವನಿಗೂ ರಜವೆಂದರೆ ಆ ದಿನದ ಕೂಲಿ ಇಲ್ಲವೆಂದೇ ಅರ್ಥ.

ಕಾರ್ಖಾನೆಯ ಕೆಲಸಗಾರರಿಗೆ ವಾರದ ರಜ ದೊರೆತದ್ದೂ ಸುಲಭವಾಗಿ ಅಲ್ಲ. ಮುಂಬಯಿಯ ಗಿರಣಿ ಕೆಲಸಗಾರರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಮಾಲೀಕರು ಭಾನುವಾರದ ರಜವನ್ನು ಒಪ್ಪಿದರು. ಭಾನುವಾರ ಖಂಡೋಬನ ದಿನವೆಂಬುದೂ ಆ ಬೇಡಿಕೆಯ ಒಂದು ಆಧಾರವಾಗಿತ್ತು. ಆ ಖಂಡೋಬನನ್ನೇ ಕನ್ನಡಿಗರು ಮೈಲಾರಲಿಂಗನೆಂದು ಪೂಜಿಸುತ್ತಾರೆ. 1948ರ ಕಾರ್ಖಾನೆಗಳ ಕಾಯಿದೆಯ 52ನೆಯ ಕಲಮು ವಾರದ ಮೊದಲನೆಯ ದಿನ ರಜವೆಂದು ಹೇಳಿ, ಅಗತ್ಯಬಿದ್ದರೆ ಅದಕ್ಕೆ ಬದಲು ಹತ್ತಿರದ ಬೇರೊಂದು ದಿನ ಕೊಡಲು ಅವಕಾಶವಿಟ್ಟಿತ್ತು.

ಮನಸ್ಸಾಕ್ಷಿಯ ಬೆಲೆ

ರಜದ ದಿನ ಬಹುಜನರ ದಿನವಾದಾಗ ಉಳಿದವರು ಬೆಲೆ ತೆರಬೇಕಾಗುತ್ತದೆ. ಅಮೆರಿಕದ ದಕ್ಷಿಣ ಕೆರೊಲಿನದಲ್ಲಿ ಅಡೆಲ್ ಶೆರ್ಬರ್ಟ್ ಎಂಬ ಅಡ್ವೆಂಟಿಸ್ಟ್ ಗಿರಣಿ ಕೆಲಸಗಾರ್ತಿ ಶನಿವಾರ ಕೆಲಸಕ್ಕೆ ಬರಲೊಪ್ಪದೆ ಕೆಲಸ ಕಳೆದುಕೊಂಡಳು. ನಿರುದ್ಯೋಗ ಭತ್ಯವೂ ದೊರೆಯಲಿಲ್ಲ. 1963ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವಳ ಪರವಾಗಿ ತೀರ್ಪು ಕೊಟ್ಟಿತು. ಭಾನುವಾರ ಟಪಾಲು ಹಂಚಲು ಒಪ್ಪದ ಇನ್ನೊಬ್ಬ ಕ್ರೈಸ್ತನ ಮೊಕದ್ದಮೆಯಲ್ಲಿ, 2023ರಲ್ಲಿ, ಅದೇ ಕೋರ್ಟು ಇಂಥ ನೌಕರರಿಗೆ ಅನುಕೂಲ ಕಲ್ಪಿಸುವ ಮಾಲೀಕನ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಶನಿವಾರದವನಿಗೂ ಭಾನುವಾರದವನಿಗೂ ಬೇಕಾಗಿದ್ದುದು ಒಂದೇ ನ್ಯಾಯ.

ನಮ್ಮಲ್ಲಿ ಶನಿವಾರ ಕಾಲೇಜಿನ ಪಾಠವಿರುತ್ತದೆ, ಪರೀಕ್ಷೆಯೂ ಬೀಳಬಹುದು. ಸ್ಪರ್ಧಾತ್ಮಕ ಪರೀಕ್ಷೆಗಳೋ ಹೆಚ್ಚಾಗಿ ಭಾನುವಾರ ನಡೆಯುತ್ತವೆ. ಮೊದಲನೆಯದು ಅಡ್ವೆಂಟಿಸ್ಟ್ ವಿದ್ಯಾರ್ಥಿಗೆ ಸಂಕಟ. ಎರಡನೆಯದು ಉಳಿದ ಕ್ರೈಸ್ತರಿಗೆ ಪೂಜೆ ತಪ್ಪಿಸುವಂಥದು. ನಮಗೆ ಪರೀಕ್ಷೆಯ ವೇಳಾಪಟ್ಟಿ ಒಂದು ಕಾಗದ. ಅಂಥವರಿಗೆ ಅದು ಪದವಿಯೋ ನಂಬಿಕೆಯೋ ಎಂಬ ಪ್ರಶ್ನೆ. ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಎಲ್ಲರ ದಿನವನ್ನೂ ರಜ ಮಾಡಿದರೆ ವಾರದಲ್ಲಿ ದಿನವೇ ಉಳಿಯದೆಂಬುದು ನಿಜ. ಆದರೆ ಒಬ್ಬಿಬ್ಬರಿಗೆ ಬದಲು ದಿನವನ್ನೋ ಬದಲು ವೇಳೆಯನ್ನೋ ಕಲ್ಪಿಸುವುದು ಅಸಾಧ್ಯವೇನಲ್ಲ.

ಕೊನೆಗೆ ಶನಿವಾರವೋ, ಭಾನುವಾರವೋ? ಏಳನೆಯ ದಿನ ಶನಿವಾರವೆಂಬುದು ನಿಶ್ಚಯ. ಎರಡನೆಯ ಶತಮಾನದ ನಡುವಿಗಾಗಲೇ ಕ್ರೈಸ್ತರು ಭಾನುವಾರ ಕೂಡುತ್ತಿದ್ದರೆಂಬುದೂ ನಿಶ್ಚಯ. ಆಜ್ಞೆಯ ದಿನವನ್ನು ಬದಲಿಸುವ ಅಧಿಕಾರ ಸಭೆಗಿತ್ತೇ ಎಂಬುದು ಮಾತ್ರ ನಂಬಿಕೆಯ ಪ್ರಶ್ನೆ. ಅದನ್ನು ಚರಿತ್ರೆಯ ವಿದ್ಯಾರ್ಥಿ ತೀರ್ಮಾನಿಸಲಾರ. ಒಬ್ಬನು ಒಂದು ದಿನವನ್ನು ಹೆಚ್ಚೆನ್ನಲಿ, ಇನ್ನೊಬ್ಬನು ಎಲ್ಲವನ್ನೂ ಸಮವೆನ್ನಲಿ, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ದೃಢನಾಗಿರಲಿ ಎಂಬ ಅರ್ಥದಲ್ಲಿ ಪೌಲನೇ ರೋಮಾಪುರದವರಿಗೆ ಬರೆದಿದ್ದಾನೆ. ದಿನದ ವಿಷಯದಲ್ಲಿ ಭೇದವಿದ್ದರೂ, ಆಳಿಗೂ ಎತ್ತಿಗೂ ಒಂದು ದಿನದ ಉಸಿರು ಬೇಕೆಂಬುದರಲ್ಲಿ ಎರಡು ಪಕ್ಷಕ್ಕೂ ಭೇದವಿಲ್ಲ. ಆ ಒಂದು ದಿನ ಇನ್ನೂ ಸಿಗದವರು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಓದಿದವರಾದ ನಾವು ಮುಂದೆ ಅಧಿಕಾರಿಗಳೋ ಅಧ್ಯಾಪಕರೋ ಆಗಿ ವೇಳಾಪಟ್ಟಿಗಳನ್ನು ಬರೆಯುವ ಕಾಲ ಬಂದಾಗ ಅವರನ್ನು ನೆನೆಯಬೇಕು.