ಬ್ಯಾಟರಿ ತುಂಬಿಸಲು ಬಿಸಿಲೋ, ಜನರೇಟರೋ?

ಆಟಿಯ ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಬಿತ್ತೆಂದರೆ, ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಒಂದೆರಡು ದಿನ ಕರೆಂಟು ಇಲ್ಲದಿರುವುದು ಹೊಸತೇನಲ್ಲ. ಇನ್ವರ್ಟರಿನ ಬ್ಯಾಟರಿ ಮೊದಲನೆಯ ರಾತ್ರಿಯನ್ನು ದಾಟಿಸುತ್ತದೆ. ಎರಡನೆಯ ರಾತ್ರಿಗೆ ಅದನ್ನು ಪುನಃ ತುಂಬಿಸುವುದು ಹೇಗೆ? ಮಾಡಿನ ಮೇಲೆ ಸೌರಫಲಕ ಇಡೋಣವೇ, ಸಣ್ಣದೊಂದು ಪೆಟ್ರೋಲ್ ಜನರೇಟರ್ ತರೋಣವೇ? ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಕಾರಿನ ಹಿಂದೆ ಗಾಲಿಮನೆ ಕಟ್ಟಿಕೊಂಡು ಪ್ರವಾಸ ಹೋಗುವವರನ್ನೂ ಕಾಡುವ ಪ್ರಶ್ನೆಯಿದು. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಒಂದು ಲೆಕ್ಕ ಮಾಡಿ ನೋಡೋಣ. ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರಗಳೇ ಇದಕ್ಕೆ ಸಾಕು.

ಬ್ಯಾಟರಿಯ ಸ್ವಭಾವ

ಹೆಚ್ಚಿನ ಮನೆಗಳ ಇನ್ವರ್ಟರಿಗೆ ಜೋಡಿಸಿರುವುದು ಸೀಸ-ಆಮ್ಲ ಬ್ಯಾಟರಿ. ಇದನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಕಂಡುಹಿಡಿದರು. ತೆಳು ಗಂಧಕಾಮ್ಲದಲ್ಲಿ ಸೀಸದ ಫಲಕಗಳನ್ನು ಮುಳುಗಿಸಿರುತ್ತಾರೆ. ನಾವು ವಿದ್ಯುತ್ತನ್ನು ಬಳಸುತ್ತಿದ್ದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕಟ್ಟಿಕೊಳ್ಳುತ್ತದೆ; ಚಾರ್ಜು ಮಾಡುವಾಗ ಅದು ಕರಗಿ ಹೋಗುತ್ತದೆ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಈ ಸಲ್ಫೇಟ್ ಹರಳುಗಟ್ಟಿ ಬಲಿಯುತ್ತದೆ, ಬ್ಯಾಟರಿಯ ಆಯುಷ್ಯ ಕುಂದುತ್ತದೆ. ಆದ್ದರಿಂದ ಅರ್ಧದಷ್ಟನ್ನು ಮಾತ್ರ ಬಳಸಿ, ಬೇಗನೆ ಪೂರ್ತಿ ತುಂಬಿಸುವುದು ಲೇಸು.

12 ವೋಲ್ಟಿನ, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 12 × 150 = 1,800 ವಾಟ್-ಗಂಟೆಗಳಷ್ಟು ಶಕ್ತಿಯಿರುತ್ತದೆ. 1,000 ವಾಟ್-ಗಂಟೆ ಎಂದರೆ ಒಂದು ಯೂನಿಟ್. ಅರ್ಧ ಬಳಸಿದರೆ ನಮಗೆ ಸಿಗುವುದು 900 ವಾಟ್-ಗಂಟೆ.

ಒಂದು ರಾತ್ರಿಗೆ ಬೇಕಾದದ್ದೆಷ್ಟು?

9 ವಾಟಿನ 4 ಎಲ್‌ಇಡಿ ದೀಪ, 4 ಗಂಟೆ: 144
75 ವಾಟಿನ ಒಂದು ಫ್ಯಾನು, 6 ಗಂಟೆ: 450
10 ವಾಟಿನ ಇಂಟರ್‌ನೆಟ್ ಪೆಟ್ಟಿಗೆ, 10 ಗಂಟೆ: 100
ಎರಡು ಮೊಬೈಲು: 26
ಒಟ್ಟು: 720 ವಾಟ್-ಗಂಟೆ

ಇನ್ವರ್ಟರು ತಾನೂ ಸ್ವಲ್ಪ ತಿನ್ನುತ್ತದೆ. ಐದರಲ್ಲಿ ಒಂದು ಪಾಲು ನಷ್ಟವೆಂದು ಹಿಡಿದರೆ ಬ್ಯಾಟರಿಯಿಂದ 900 ವಾಟ್-ಗಂಟೆ ಹೋಗುತ್ತದೆ. ಅದನ್ನು ಮರಳಿ ತುಂಬಿಸುವಾಗಲೂ ಅಷ್ಟೇ ಪಾಲು ನಷ್ಟವಾಗುವುದರಿಂದ ಸುಮಾರು 1,125 ವಾಟ್-ಗಂಟೆ ಕೊಡಬೇಕು. ಇದು ನಾವು ದಿನವೂ ತೀರಿಸಬೇಕಾದ ಸಾಲ.

ಬಿಸಿಲು ಕೊಡುವುದೆಷ್ಟು?

300 ವಾಟಿನ ಒಂದು ಫಲಕವಿದೆ ಎನ್ನೋಣ. ಬೇಸಗೆಯಲ್ಲಿ ದಿನದ ಬಿಸಿಲೆಲ್ಲ ಸೇರಿ 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮವೆಂದೂ, ಕಾವು, ಧೂಳು, ತಂತಿಗಳಿಂದ ಕಾಲು ಭಾಗ ನಷ್ಟವೆಂದೂ ಹಿಡಿದರೆ 300 × 5 × 0.75 = 1,125. ಸಾಲ ಸರಿಯಾಗಿ ತೀರಿತು! ಇಂಧನ ಬೇಡ, ಸದ್ದಿಲ್ಲ.

ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡು ನಮ್ಮದು. ಮಳೆಗಾಲದ ದಟ್ಟ ಮೋಡದ ದಿನ ಒಂದೂವರೆ ಗಂಟೆಯ ಬಿಸಿಲಿಗೆ ಸಮನಾದ ಬೆಳಕು ಸಿಕ್ಕಿತೆಂದರೆ ಉತ್ಪತ್ತಿ ಸುಮಾರು 337 ಮಾತ್ರ. ತಂತಿ ಕಡಿಯುವ ಕಾಲದಲ್ಲಿಯೇ ಸೂರ್ಯನೂ ಮರೆಯಾಗುತ್ತಾನೆ ಎಂಬುದು ಈ ಪ್ರಶ್ನೆಯ ನಿಜವಾದ ಗಂಟು.

ಇನ್ನೊಂದು ಮಾತು. ಫಲಕದ ಕೋಶಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ, ತೆಂಗಿನ ಮಡಲೊಂದರ ನೆರಳು ಬಿದ್ದರೂ ಉತ್ಪತ್ತಿ ನೆರಳಿನ ಅಳತೆಗಿಂತ ಬಹಳ ಹೆಚ್ಚು ಇಳಿಯುತ್ತದೆ. ತೋಟದ ನಡುವಿನ ಮನೆಯವರು ನೆರಳಿಲ್ಲದ ಜಾಗವನ್ನು ಮೊದಲು ಹುಡುಕಬೇಕು. ಫಲಕ ದಕ್ಷಿಣಕ್ಕೆ ಸ್ವಲ್ಪ ವಾಲಿರಬೇಕು.

ಜನರೇಟರು ಕೊಡುವುದೆಷ್ಟು?

ಜನರೇಟರಿಗೆ ಮೋಡದ ಹಂಗಿಲ್ಲ. ಆದರೆ ದೊಡ್ಡ ಜನರೇಟರು ತಂದರೆ ಬ್ಯಾಟರಿ ಬೇಗ ತುಂಬುತ್ತದೆ ಎಂಬುದು ತಪ್ಪು ತಿಳುವಳಿಕೆ. ಬ್ಯಾಟರಿಯು ಕಿರಿದಾದ ಬಾಯಿಯ ಕೊಡವಿದ್ದಂತೆ. 150 ಆಂಪಿಯರ್-ಗಂಟೆಯ ಬ್ಯಾಟರಿಗೆ ಸುಮಾರು 15 ಆಂಪಿಯರಿನಂತೆ ಕೊಡುವುದು ರೂಢಿ. ಅಂದರೆ ಸುಮಾರು 210 ವಾಟು. ಮುಕ್ಕಾಲು ಪಾಲಿಗಿಂತ ಮೇಲೆ ತುಂಬಿದ ನಂತರ ಬ್ಯಾಟರಿ ಅಷ್ಟನ್ನೂ ಹೀರಲಾರದು. ಅರ್ಧ ಖಾಲಿಯಾದ ಬ್ಯಾಟರಿ ಪೂರ್ತಿಯಾಗಲು ಏಳು ಗಂಟೆಯಾದರೂ ಬೇಕಾದೀತು. 1,000 ವಾಟಿನ ಯಂತ್ರ ಅಷ್ಟು ಹೊತ್ತು ಬರಿಯ 200 ವಾಟಿಗಾಗಿ ಓಡಬೇಕು. 3 ಲೀಟರು ಪೆಟ್ರೋಲು ಸುಟ್ಟಿತೆಂದರೆ, ಅದರಲ್ಲಿದ್ದ ಸುಮಾರು 27 ಯೂನಿಟ್ ಶಾಖಶಕ್ತಿಯಲ್ಲಿ ನಮಗೆ ದಕ್ಕಿದ್ದು ಒಂದು ಯೂನಿಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ.

ಎರಡನ್ನೂ ಕೂಡಿಸಿದರೆ

ಮೊದಲು ಖರ್ಚು ತಗ್ಗಿಸೋಣ. 75 ವಾಟಿನ ಫ್ಯಾನಿನ ಬದಲು 30 ವಾಟಿನ ಹೊಸ ಬಗೆಯ ಫ್ಯಾನು ಹಾಕಿದರೆ 450 ಇದ್ದದ್ದು 180 ಆಗುತ್ತದೆ. ಒಟ್ಟು ಬೇಡಿಕೆ 720ರಿಂದ 450ಕ್ಕೆ ಇಳಿಯುತ್ತದೆ. ತುಂಬಿಸಬೇಕಾದದ್ದು ಸುಮಾರು 700. ಬೆಳಿಗ್ಗೆ ಬ್ಯಾಟರಿ ಚೆನ್ನಾಗಿ ಹೀರುವ ಹೊತ್ತಿನಲ್ಲಿ ಜನರೇಟರನ್ನು ಎರಡು ಗಂಟೆ ಓಡಿಸಿದರೆ 420 ಬರುತ್ತದೆ. ಬಾವಿಯ ಪಂಪನ್ನೂ ನಡೆಸಬಲ್ಲ ಜನರೇಟರಾದರೆ ಅದೇ ಹೊತ್ತಿನಲ್ಲಿ ಟಾಂಕಿಗೆ ನೀರನ್ನೂ ಏರಿಸಬಹುದು. ಉಳಿದ ನಿಧಾನದ ಕೆಲಸವನ್ನು ಮೋಡದ ನಡುವಿನ ಸೂರ್ಯನಿಗೆ ಬಿಡಬೇಕು. ಅವನ 337 ಸೇರಿ 757 ಆಯಿತು. ಆ ದಿನದ ಸಾಲ ತೀರಿತು.

ತಂತಿಯೇ ಬಾರದ ತೋಟದ ಕೊಟ್ಟಿಗೆಗೆ ಫಲಕವೇ ಮುಖ್ಯ ಆಸರೆ. ವರ್ಷದಲ್ಲಿ ಎರಡು ಮೂರು ರಾತ್ರಿ ಮಾತ್ರ ತೊಂದರೆಯಾಗುವ ಮನೆಯವರಿಗೆ ಖರ್ಚು ತಗ್ಗಿಸುವುದೇ ಸಾಕಾಗಬಹುದು, ಯಾವುದನ್ನೂ ಕೊಳ್ಳಬೇಕಾಗಿಲ್ಲ.

ಮರೆಯಬಾರದ ಎಚ್ಚರಿಕೆಗಳು

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಮಳೆಯೆಂದು ಜನರೇಟರನ್ನು ಜಗಲಿಗೋ, ಅಡುಗೆಮನೆಗೋ ತರಲೇಬಾರದು. ಕಿಟಕಿ ಬಾಗಿಲುಗಳಿಂದ 20 ಅಡಿಯಾದರೂ ದೂರ, ಗಾಳಿಯಾಡುವ ಮಾಡಿನ ಕೆಳಗೆ ಇರಲಿ.

ಜನರೇಟರಿನ ತಂತಿಯನ್ನು ಮನೆಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬಾರದು. ಆ ವಿದ್ಯುತ್ತು ಹಿಮ್ಮುಖವಾಗಿ ಕಂಬಕ್ಕೆ ಹರಿದು, ಮಳೆಯಲ್ಲಿ ನಮಗಾಗಿ ತಂತಿ ಸರಿಪಡಿಸುತ್ತಿರುವ ಲೈನ್‌ಮನ್ನರ ಪ್ರಾಣ ತೆಗೆದೀತು.

ಚಾರ್ಜು ಆಗುವಾಗ ಬ್ಯಾಟರಿಯಿಂದ ಹೊರಡುವ ಜಲಜನಕ ಬೆಂಕಿ ಹಿಡಿಯುವ ಅನಿಲ. ಹತ್ತಿರ ದೀಪ, ಬೀಡಿ ಬೇಡ. ನೀರು ಕಡಿಮೆಯಾದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು, ಬಾವಿಯ ನೀರನ್ನಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ದೀಪ, ಫ್ಯಾನುಗಳ ಮೇಲೆ ಬರೆದಿರುವ ವಾಟುಗಳನ್ನು ಒಂದು ಹಾಳೆಯಲ್ಲಿ ಗುರುತಿಸಿ, ಗಂಟೆಗಳಿಂದ ಗುಣಿಸಿ, ತಂದೆತಾಯಿಯರಿಗೆ ತೋರಿಸಿರಿ. ಫಲಕವಾಗಲಿ ಜನರೇಟರಾಗಲಿ, ಕೊಳ್ಳಲು ಹೋಗುವಾಗ ಆ ಹಾಳೆ ಅವರ ಕಿಸೆಯಲ್ಲಿರಲಿ.