ಆಕ್ಯುಪೇಷನಲ್ ಥೆರಪಿ ವಿದ್ಯಾರ್ಥಿಗಳೇ, ಸಂಶೋಧನಾ ಲೇಖನಕ್ಕೆ ಸಾವಿರಾರು ರೂಪಾಯಿ ಕೊಡಬೇಕಿಲ್ಲ: ಲೈಬ್ರರಿಯಿಂದ ಮೊಬೈಲ್‌ವರೆಗೆ ದಾರಿಗಳು ಇಲ್ಲಿವೆ

ಮುಂಬ್ರಾದ ಒಬ್ಬ ಟೈಲರ್‌ಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದೆ ಎಂದಿಟ್ಟುಕೊಳ್ಳಿ. ಜೀವಕ್ಕೆ ಅಪಾಯವಿಲ್ಲ, ಆಸ್ಪತ್ರೆಯಿಂದ ಮನೆಗೆ ಬಂದಾಗಿದೆ. ಊಟ, ಸ್ನಾನಕ್ಕೆ ಮನೆಯವರು ನೆರವಾಗುತ್ತಿದ್ದಾರೆ. ಆದರೆ ಆತ ಕೇಳುವುದು ಒಂದೇ ಮಾತು: ‘ನಾನು ಮತ್ತೆ ಕತ್ತರಿ ಹಿಡಿಯಬಹುದಾ?’ ಇದಕ್ಕೆ ಉತ್ತರ ಹುಡುಕಬೇಕಾದವರು ಆಕ್ಯುಪೇಷನಲ್ ಥೆರಪಿಸ್ಟ್. ಅವರ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯಾರ್ಥಿಗೆ ಎದುರಾಗುವ ಪ್ರಶ್ನೆ ಇನ್ನೊಂದು: ‘ನೀನು ಹೇಳುತ್ತಿರುವ ಚಿಕಿತ್ಸೆಗೆ ಪುರಾವೆ ಏನಿದೆ?’

ವಿದ್ಯಾರ್ಥಿ ಮೊಬೈಲ್ ತೆಗೆದು ಗೂಗಲ್ ಮಾಡುತ್ತಾನೆ. ಬೇಕಾದ ಲೇಖನದ ಹೆಸರು ಸಿಗುತ್ತದೆ, ಸಾರಾಂಶವೂ ಸಿಗುತ್ತದೆ. ಪೂರ್ತಿ ಓದಲು ಒತ್ತಿದರೆ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತದೆ. ಒಂದೇ ಲೇಖನಕ್ಕೆ ಮೂರು ಸಾವಿರ ರೂಪಾಯಿ ದಾಟುವುದೂ ಉಂಟು. ಬಹಳಷ್ಟು ಮಂದಿ ಇಲ್ಲಿಗೇ ಹುಡುಕಾಟ ನಿಲ್ಲಿಸಿ, ಸೀನಿಯರ್‌ಗಳ ಹಳೆಯ ಪ್ರಾಜೆಕ್ಟ್‌ನಿಂದ ನಾಲ್ಕು ಸಾಲು ಎತ್ತಿಕೊಳ್ಳುತ್ತಾರೆ. ಅದರ ಅಗತ್ಯವಿಲ್ಲ. ಬೇಕಾದ ಸಾಮಗ್ರಿಯಲ್ಲಿ ದೊಡ್ಡ ಪಾಲು ಕಾನೂನುಬದ್ಧವಾಗಿ, ಉಚಿತವಾಗಿಯೇ ಸಿಗುತ್ತದೆ. ಯಾವ ಬಾಗಿಲು ಮೊದಲು ತಟ್ಟಬೇಕು ಎಂಬುದು ಗೊತ್ತಿರಬೇಕು ಅಷ್ಟೇ.

ಪರೇಲ್‌ನಲ್ಲಿ ಶುರುವಾದ ಕೋರ್ಸ್

ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎಂದು ಕರೆಯುವುದುಂಟು. ಹೆಸರು ಕೇಳಿದವರು ಕೆಲಸ ಕೊಡಿಸುವ ತರಬೇತಿ ಇರಬೇಕು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಇದು ಬಟ್ಟೆಯ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ಅಡುಗೆ, ಓದು, ಆಟ, ದುಡಿಮೆಯವರೆಗೆ ದಿನನಿತ್ಯದ ಚಟುವಟಿಕೆಗಳನ್ನು ರೋಗಿ ಮತ್ತೆ ತಾನೇ ಮಾಡುವಂತೆ ಮಾಡುವ ಚಿಕಿತ್ಸೆ.

ಭಾರತದಲ್ಲಿ ಇದರ ಮೊದಲ ಶಾಲೆ ಆರಂಭವಾಗಿದ್ದು 1950ರಲ್ಲಿ, ಮುಂಬೈನ ಪರೇಲ್‌ನಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಯೇ ನೆಲೆಸಿದ ಕಮಲಾ ನಿಂಬಕರ್ ಇದರ ಹಿಂದಿನ ಶಕ್ತಿ. 1952ರಲ್ಲಿ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಸಂಘ ಹುಟ್ಟಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಇಂದು ಕೆಇಎಂ ಜತೆಗೆ ಸಯನ್, ನಾಯರ್ ಆಸ್ಪತ್ರೆಗಳ ಕಾಲೇಜುಗಳಲ್ಲೂ, ನವಿ ಮುಂಬೈನ ನೆರೂಲ್‌ನ ಡಿ.ವೈ. ಪಾಟೀಲ್ ವಿಶ್ವವಿದ್ಯಾಲಯದಲ್ಲೂ ಈ ಶಿಕ್ಷಣವಿದೆ. ಹಾಜಿ ಅಲಿ ಬಳಿಯ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಪುನರ್ವಸತಿ ಕ್ಷೇತ್ರದಲ್ಲಿದೆ.

ಅಂದರೆ ಥಾಣೆ, ಮುಂಬ್ರಾ, ಡೊಂಬಿವಲಿ, ಕಲ್ಯಾಣದ ವಿದ್ಯಾರ್ಥಿಗೆ ಈ ವಿಷಯದ ಅತ್ಯಂತ ಹಳೆಯ ಭಾರತೀಯ ಕೇಂದ್ರ ಒಂದು ಲೋಕಲ್ ರೈಲಿನಷ್ಟೇ ದೂರ. ಮುಂಬ್ರಾದಲ್ಲಿ ಹತ್ತಿದರೆ ಸೆಂಟ್ರಲ್ ಲೈನ್‌ನಲ್ಲೇ ಪರೇಲ್ ತಲುಪಬಹುದು. ನೆರೂಲ್‌ಗೆ ಹೋಗುವವರು ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ರೈಲು ಹಿಡಿಯಬೇಕು. ಆ ಜನಜಂಗುಳಿಯಲ್ಲಿ ದಿನವೂ ಹೋಗಿಬರುವುದು ಸುಲಭವಲ್ಲ ಎಂಬುದು ಅಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಅದಕ್ಕಾಗಿಯೇ, ಲೈಬ್ರರಿಗೆ ಹೋಗುವ ಮೊದಲು ಮನೆಯಲ್ಲೇ ಮುಗಿಸಬಹುದಾದ ಕೆಲಸ ಮುಗಿಸಿಕೊಂಡರೆ ಒಳ್ಳೆಯದು.

ಮೊದಲು ಪ್ರಶ್ನೆ, ಆಮೇಲೆ ಹುಡುಕಾಟ

‘ಸ್ಟ್ರೋಕ್ ಆಕ್ಯುಪೇಷನಲ್ ಥೆರಪಿ’ ಎಂದು ಟೈಪ್ ಮಾಡಿದರೆ ಸಾವಿರಾರು ಫಲಿತಾಂಶ ಬಂದು ಬೀಳುತ್ತವೆ. ಯಾವುದನ್ನು ಓದುವುದು? ಇಲ್ಲಿ ನೆರವಿಗೆ ಬರುವುದು ‘ಪಿಕೋ’ ಎಂಬ ಸರಳ ವಿಧಾನ. ರೋಗಿ ಯಾರು, ಕೊಡುವ ಚಿಕಿತ್ಸೆ ಯಾವುದು, ಯಾವುದಕ್ಕೆ ಹೋಲಿಸುತ್ತೀರಿ, ಯಾವ ಫಲ ಬೇಕು ಎಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆಯುವುದು. ಟೈಲರ್ ವಿಷಯದಲ್ಲಿ ಅದು ಹೀಗಾಗುತ್ತದೆ: ಲಕ್ವದಿಂದ ಕೈ ದುರ್ಬಲವಾದ ವಯಸ್ಕರಲ್ಲಿ, ಕನ್ನಡಿ ಚಿಕಿತ್ಸೆ ಸೇರಿಸಿದರೆ, ಮಾಮೂಲಿ ಚಿಕಿತ್ಸೆಗಿಂತ ಕೈಯ ಚಲನೆ ಹೆಚ್ಚು ಸುಧಾರಿಸುತ್ತದೆಯೇ?

ಕನ್ನಡಿ ಚಿಕಿತ್ಸೆ ಎಂದರೆ ಎರಡು ಕೈಗಳ ನಡುವೆ ಕನ್ನಡಿ ಇಟ್ಟು, ಚೆನ್ನಾಗಿರುವ ಕೈಯ ಪ್ರತಿಬಿಂಬ ನೋಡುತ್ತಾ ಅಭ್ಯಾಸ ಮಾಡಿಸುವುದು. ದುರ್ಬಲ ಕೈಯೇ ಆಡುತ್ತಿರುವಂತೆ ಕಣ್ಣಿಗೆ ಕಾಣುತ್ತದೆ. ಖರ್ಚು ಒಂದು ಕನ್ನಡಿಯಷ್ಟು.

ಈ ಪ್ರಶ್ನೆ ಹಿಡಿದು ಮೊದಲು ನೋಡಬೇಕಾದದ್ದು ಕಾಕ್ರೇನ್ ಲೈಬ್ರರಿ. ಒಂದು ವಿಷಯದ ಮೇಲೆ ನಡೆದ ಎಲ್ಲ ಉತ್ತಮ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ವಿಮರ್ಶೆಗಳು ಇಲ್ಲಿವೆ. ಕನ್ನಡಿ ಚಿಕಿತ್ಸೆ ಕುರಿತ 2018ರ ವಿಮರ್ಶೆ 62 ಅಧ್ಯಯನಗಳ 1,982 ಮಂದಿಯ ಮಾಹಿತಿಯನ್ನು ಪರಿಶೀಲಿಸಿ, ಚಲನೆ ಸುಧಾರಿಸುತ್ತದೆ ಎನ್ನಲು ಮಧ್ಯಮ ಮಟ್ಟದ ಪುರಾವೆ ಇದೆ ಎಂದಿದೆ. ಹೀಗೆ ಒಂದೇ ಲೇಖನದಲ್ಲಿ ಹತ್ತಾರು ಅಧ್ಯಯನಗಳ ವಿಳಾಸವೂ ಸಿಕ್ಕಿಬಿಡುತ್ತದೆ. ಕಾಕ್ರೇನ್‌ನ ಸಾರಾಂಶ ಮತ್ತು ಸರಳ ಭಾಷೆಯ ವಿವರಣೆ ಎಲ್ಲರಿಗೂ ಉಚಿತ. ಪ್ರಕಟವಾಗಿ 12 ತಿಂಗಳು ಕಳೆದ ಬಹುತೇಕ ವಿಮರ್ಶೆಗಳನ್ನು ಪೂರ್ತಿಯಾಗಿಯೂ ಓದಬಹುದು.

ಮುಂದಿನದು ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ತಾಣದಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ, ಹುಡುಕಲು ದುಡ್ಡು ಬೇಡ. ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ಪಬ್‌ಮೆಡ್‌ನಲ್ಲಿ ‘ಮೆಶ್’ ಎಂಬ ವಿಷಯ ಶೀರ್ಷಿಕೆಗಳ ವ್ಯವಸ್ಥೆ ಇದೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಲೇಖನಗಳನ್ನು ಅದು ಒಂದೇ ಶೀರ್ಷಿಕೆಯಡಿ ತರುತ್ತದೆ. ‘ಆಕ್ಯುಪೇಷನಲ್ ಥೆರಪಿ’, ‘ಸ್ಟ್ರೋಕ್ ರಿಹ್ಯಾಬಿಲಿಟೇಷನ್’, ‘ಆಕ್ಟಿವಿಟೀಸ್ ಆಫ್ ಡೈಲಿ ಲಿವಿಂಗ್’ ಮೂರೂ ಅಂಥ ಶೀರ್ಷಿಕೆಗಳೇ. ಇವನ್ನು ‘ಆ್ಯಂಡ್’ ಹಾಕಿ ಜೋಡಿಸಿದರೆ ಫಲಿತಾಂಶ ಕಿರಿದಾಗುತ್ತದೆ, ‘ಆರ್’ ಹಾಕಿದರೆ ಹಿಗ್ಗುತ್ತದೆ. ಎಡಬದಿಯ ‘ಫ್ರೀ ಫುಲ್ ಟೆಕ್ಸ್ಟ್’ ಗುರುತು ಮಾಡಿದರೆ ಪೂರ್ತಿ ಉಚಿತವಾಗಿ ಓದಬಹುದಾದ ಲೇಖನಗಳಷ್ಟೇ ಉಳಿಯುತ್ತವೆ. ಆದರೆ ಈ ಗುರುತನ್ನು ಕೊನೆಯಲ್ಲಿ ಹಾಕುವುದು ಜಾಣತನ. ಶುರುವಿನಲ್ಲೇ ಹಾಕಿದರೆ ಮುಖ್ಯ ಲೇಖನವೊಂದು ಇದೆ ಎಂಬುದೇ ತಿಳಿಯದೆ ಹೋಗಬಹುದು.

ಲೈಬ್ರರಿಯನ್‌ ಬಳಿ ಕೇಳಬೇಕಾದದ್ದು

ಮುಖ್ಯ ಲೇಖನಗಳ ಪಟ್ಟಿ ಕೈಯಲ್ಲಿದೆ, ಕೆಲವಕ್ಕೆ ಹಣ ಕೇಳುತ್ತಿದೆ. ಆ ಪಟ್ಟಿ ಹಿಡಿದು ಕಾಲೇಜು ಲೈಬ್ರರಿಗೆ ಹೋಗುವ ಸಮಯ ಇದು. ಪುಸ್ತಕ ಕೊಡುವ, ದಂಡ ಹಾಕುವ ಕೌಂಟರ್ ಎಂದಷ್ಟೇ ಲೈಬ್ರರಿಯನ್ನು ಕಾಣುವ ವಿದ್ಯಾರ್ಥಿಗಳು ಕಳೆದುಕೊಳ್ಳುವುದೇ ಹೆಚ್ಚು. ಕಾಲೇಜು ಯಾವ ಜರ್ನಲ್‌ಗಳಿಗೆ ಚಂದಾ ಕಟ್ಟಿದೆ? ಮನೆಯಿಂದ ಓದಲು ಲಾಗಿನ್ ಕೊಡುತ್ತಾರಾ? ನರ್ಸಿಂಗ್ ಮತ್ತು ಥೆರಪಿ ವಿಷಯಗಳಿಗೆ ಬಹಳ ಉಪಯುಕ್ತವಾದ ‘ಸಿನಾಲ್’ ದತ್ತಸಂಚಯ ಇದೆಯಾ? ಲೈಬ್ರರಿ ‘ಡೆಲ್‌ನೆಟ್’ ಸದಸ್ಯನಾ? ದೆಹಲಿಯ ಈ ಜಾಲದ ಮೂಲಕ ಬೇರೆ ಲೈಬ್ರರಿಯಲ್ಲಿರುವ ಲೇಖನದ ಪ್ರತಿಯನ್ನೂ ತರಿಸಿಕೊಳ್ಳಬಹುದು. ಆದರೆ ಕೋರಿಕೆ ಲೈಬ್ರರಿಯ ಮೂಲಕವೇ ಹೋಗಬೇಕು.

ಇನ್ನೊಂದು ದೊಡ್ಡ ಬದಲಾವಣೆ ‘ಒಂದು ದೇಶ ಒಂದು ಚಂದಾ’ ಯೋಜನೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಇದಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ಜರ್ನಲ್‌ಗಳು ಇದರಲ್ಲಿ ಸೇರಿವೆ. ಆದರೆ ಇದರ ಲಾಭ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನಲ್ಲಿ ಹೆಚ್ಚು ಫೀ ಕಟ್ಟಿದವರಿಗೆ ಈ ಸೌಲಭ್ಯ ಇಲ್ಲ, ಸರ್ಕಾರಿ ಸೀಟಿನವರಿಗೆ ಇದೆ ಎಂಬ ವಿಚಿತ್ರ ಸ್ಥಿತಿ ಇದರಿಂದ ಬಂದಿದೆ. ಒಂದೇ ಲೋಕಲ್‌ನಲ್ಲಿ ಬರುವ ಇಬ್ಬರು ಗೆಳೆಯರಲ್ಲಿ ಒಬ್ಬರಿಗೆ ತೆರೆಯುವ ಲೇಖನ ಇನ್ನೊಬ್ಬರಿಗೆ ತೆರೆಯದಿರಬಹುದು. ತಮ್ಮ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂಬುದನ್ನು ಲೈಬ್ರರಿಯಲ್ಲೇ ಕೇಳಿ ತಿಳಿಯಬೇಕು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ‘ಹೆಲಿನೆಟ್’ ಹೆಸರಿನಲ್ಲಿ ತನ್ನ ಕಾಲೇಜುಗಳಿಗೆ ಇಂಥ ಜಾಲ ಆರಂಭಿಸಿತ್ತು. ಅಲ್ಲಿ ಓದುವವರು ಅದರ ಲಾಗಿನ್ ಕೇಳಿ ಪಡೆಯಬಹುದು.

ಬೇರೆ ಕಾಲೇಜಿನ ಲೈಬ್ರರಿಗೆ ಹೋಗುವುದಾದರೆ ಪ್ರಾಂಶುಪಾಲರ ಅಥವಾ ಲೈಬ್ರರಿಯನ್ ಪತ್ರ, ಗುರುತಿನ ಚೀಟಿ ಇಟ್ಟುಕೊಂಡು, ಫೋನ್ ಮಾಡಿ ಕೇಳಿಯೇ ಹೊರಡಿ. ಬಾಗಿಲಲ್ಲಿ ನಿಂತು ವಾಪಸ್ ಬರುವ ಪಾಡು ತಪ್ಪುತ್ತದೆ.

ವಿದೇಶಿ ಪುರಾವೆ, ಮುಂಬ್ರಾದ ಮನೆ

ಲೇಖನ ಸಿಕ್ಕಿದರೆ ಸಾಲದು, ಅದು ಇಲ್ಲಿನ ರೋಗಿಗೆ ಹೊಂದಬೇಕು. ವಿದೇಶಿ ಅಧ್ಯಯನಗಳಲ್ಲಿ ರೋಗಿ ಫೋರ್ಕ್ ಹಿಡಿಯುತ್ತಾನೆ, ಬಾತ್‌ಟಬ್‌ಗೆ ಇಳಿಯುತ್ತಾನೆ. ನಮ್ಮ ಟೈಲರ್ ಕೈಯಲ್ಲಿ ಕಲಸಿ ಊಟ ಮಾಡುತ್ತಾನೆ, ನೆಲದ ಮೇಲೆ ಕೂರುತ್ತಾನೆ, ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಬಳಸುತ್ತಾನೆ, ಚಿಕ್ಕ ಮನೆಯಲ್ಲಿ ಬಾಲ್ದಿ ನೀರಿನಿಂದ ಸ್ನಾನ ಮಾಡುತ್ತಾನೆ. ಹರಿಯಾಣದ ಬಲ್ಲಭಗಢದಲ್ಲಿ ವೃದ್ಧರ ದೈನಂದಿನ ಸಾಮರ್ಥ್ಯ ಅಳೆಯಲು ಭಾರತಕ್ಕೆಂದೇ ಪ್ರತ್ಯೇಕ ಮಾಪನ ರೂಪಿಸಿ 1999ರಲ್ಲಿ ಪ್ರಕಟಿಸಿದ್ದರ ಹಿಂದೆ ಇದ್ದದ್ದು ಇದೇ ಕಾರಣ.

ಹೀಗಾಗಿ ಭಾರತದ ಅಧ್ಯಯನಗಳನ್ನು ಬೇರೆಯಾಗಿಯೇ ಹುಡುಕಬೇಕು. ಭಾರತದ ಹಲವು ನಿಯತಕಾಲಿಕೆಗಳು ಪಬ್‌ಮೆಡ್‌ನಲ್ಲಿ ಕಾಣಿಸುವುದೇ ಇಲ್ಲ. ಅಖಿಲ ಭಾರತ ಸಂಘದ ‘ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಷನಲ್ ಥೆರಪಿ’ಯನ್ನು ಅದರ ತಾಣದಲ್ಲೇ ನೋಡುವುದು ಸರಿ. ಬೆಂಗಳೂರಿನ ಡಾ. ಮಾಯಾ ಥಾಮಸ್ ಸಂಪಾದಕತ್ವದಲ್ಲಿ ಬೆಳೆದ ‘ಏಷ್ಯಾ ಪೆಸಿಫಿಕ್ ಡಿಸೆಬಿಲಿಟಿ ರಿಹ್ಯಾಬಿಲಿಟೇಷನ್ ಜರ್ನಲ್’ ಹಳ್ಳಿ, ಕೊಳೆಗೇರಿಗಳ ಪುನರ್ವಸತಿ ಕುರಿತು ಬರೆಯುವವರಿಗೆ ದೊಡ್ಡ ಭಂಡಾರ. ಈಗ ಅದರ ಹೆಸರು ಬದಲಾಗಿದೆ, ಓದು ಮಾತ್ರ ಉಚಿತ. ಪಿಎಚ್‌ಡಿ ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ಸ್ನಾತಕೋತ್ತರ ಪ್ರಬಂಧಗಳಿಗೆ ತಮಿಳುನಾಡು ಡಾ. ಎಂಜಿಆರ್ ವೈದ್ಯಕೀಯ ವಿಶ್ವವಿದ್ಯಾಲಯದ ಆನ್‌ಲೈನ್ ಸಂಗ್ರಹ ತೆರೆದೇ ಇದೆ. ಆಕ್ಯುಪೇಷನಲ್ ಥೆರಪಿಯ ಪ್ರಬಂಧಗಳೂ ಅಲ್ಲಿ ಸಿಗುತ್ತವೆ. ಹೊರದೇಶದ ಉಚಿತ ಜರ್ನಲ್‌ಗಳಲ್ಲಿ ದಕ್ಷಿಣ ಆಫ್ರಿಕಾ, ಹಾಂಗ್‌ಕಾಂಗ್, ಜಪಾನ್‌ನಿಂದ ಬರುವವು ನಮ್ಮ ಪರಿಸ್ಥಿತಿಗೆ ಹಲವು ಬಾರಿ ಹೆಚ್ಚು ಹತ್ತಿರ.

ಟೈಲರ್ ಪ್ರಶ್ನೆಗೂ ಹೀಗೆಯೇ ಒಂದು ಎಳೆ ಸಿಗುತ್ತದೆ. ದೆಹಲಿಯ ಪಂಡಿತ್ ದೀನದಯಾಳ್ ಉಪಾಧ್ಯಾಯ ಸಂಸ್ಥೆಯ ಆಕ್ಯುಪೇಷನಲ್ ಥೆರಪಿ ತಜ್ಞರು, ರೋಗಿಗೆ ಅರ್ಥಪೂರ್ಣವೆನಿಸುವ ಕೆಲಸಗಳನ್ನೇ ಅಭ್ಯಾಸವಾಗಿ ಮಾಡಿಸುವ ವಿಧಾನದ ಬಗ್ಗೆ 2012ರಲ್ಲೂ, ಕೆಲಸ ಆಧಾರಿತ ಕನ್ನಡಿ ಚಿಕಿತ್ಸೆ ಬಗ್ಗೆ 2015ರಲ್ಲೂ ಅಧ್ಯಯನ ಪ್ರಕಟಿಸಿದ್ದಾರೆ. ಬಟ್ಟೆ, ಕತ್ತರಿ, ಸೂಜಿಯನ್ನು ಚಿಕಿತ್ಸೆಯೊಳಗೆ ತರಬೇಕು ಎನ್ನುವ ವಿದ್ಯಾರ್ಥಿಗೆ ಇವು ಗಟ್ಟಿ ಆಧಾರ.

ರೋಗಿ ಕನ್ನಡ ಮಾತಾಡುವವರಾಗಿದ್ದರೆ? ಡೊಂಬಿವಲಿ, ಥಾಣೆ, ನವಿ ಮುಂಬೈಗಳಲ್ಲಿ ಇದೇನು ಅಪರೂಪವಲ್ಲ. ಮರೆವಿನ ಪರೀಕ್ಷೆಯನ್ನು ಮರಾಠಿಯಲ್ಲೋ ಇಂಗ್ಲಿಷ್‌ನಲ್ಲೋ ಮಾಡಿದರೆ ಮನೆಮಾತು ಕನ್ನಡವಾದ ಅಜ್ಜಿಗೆ ಅಂಕ ಕಡಿಮೆ ಬರುವುದು ಮರೆವಿನಿಂದಲೇ ಆಗಬೇಕೆಂದಿಲ್ಲ. ಐಸಿಎಂಆರ್ ರೂಪಿಸಿದ ಅರಿವಿನ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜತೆ ಕನ್ನಡದಲ್ಲೂ ಇದೆ. ಯಾವುದೇ ಮಾಪನದ ಇಂಗ್ಲಿಷ್ ಹೆಸರಿನ ಜತೆ ‘ಕನ್ನಡ’ ಮತ್ತು ‘ವ್ಯಾಲಿಡೇಷನ್’ ಎಂಬ ಪದಗಳನ್ನು ಇಂಗ್ಲಿಷ್‌ನಲ್ಲಿ ಸೇರಿಸಿ ಗೂಗಲ್ ಸ್ಕಾಲರ್‌ನಲ್ಲಿ ನೋಡಿ. ತಾವೇ ಕೂತು ಅನುವಾದಿಸಿ ಬಳಸುವುದು ತಪ್ಪು ದಾರಿ. ಕೆಲವು ಮಾಪನಗಳಿಗೆ ಲೈಸೆನ್ಸ್ ಕೂಡ ಬೇಕು.

ಎಡವುವ ಜಾಗಗಳು

ಪೈರಸಿ ತಾಣಗಳಿಂದ ಲೇಖನ ಇಳಿಸಿಕೊಳ್ಳುವುದು ಗುಟ್ಟಿನ ವಿಷಯವೇನಲ್ಲ. ಆದರೆ ಸೈ-ಹಬ್ ತಡೆಗೆ ದೆಹಲಿ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಆದೇಶ ಕೊಟ್ಟಿದೆ. ಅದಕ್ಕಿಂತ ಬ್ರೌಸರ್‌ಗೆ ‘ಅನ್‌ಪೇವಾಲ್’ ಸೇರಿಸಿಕೊಂಡರೆ, ಅದೇ ಲೇಖನದ ಕಾನೂನುಬದ್ಧ ಉಚಿತ ಪ್ರತಿ ಬೇರೆಲ್ಲಾದರೂ ಇದ್ದರೆ ಅದೇ ತೋರಿಸುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗಿನ ‘ಆಲ್ ವರ್ಷನ್ಸ್’ ಒತ್ತಿದರೂ ಕೆಲವೊಮ್ಮೆ ಸಿಗುತ್ತದೆ.

ಎಐ ಚಾಟ್‌ಬಾಟ್ ಕೊಡುವ ಲೇಖನಗಳ ಪಟ್ಟಿಯನ್ನು ಹಾಗೆಯೇ ಪ್ರಾಜೆಕ್ಟ್‌ಗೆ ಹಾಕುವುದು ಇನ್ನೂ ಅಪಾಯ. ಲೇಖಕರ ಹೆಸರು, ವರ್ಷ, ಜರ್ನಲ್ ಎಲ್ಲವೂ ಸರಿಯಾಗಿ ಕಂಡರೂ ಅಂಥ ಲೇಖನವೇ ಇಲ್ಲದಿರಬಹುದು. ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲೋ ಜರ್ನಲ್ ತಾಣದಲ್ಲೋ ಹುಡುಕಿ, ಸಿಕ್ಕರಷ್ಟೇ ನಂಬಿ. ದುಡ್ಡು ಕೊಟ್ಟರೆ ಏನನ್ನೂ ಪ್ರಕಟಿಸುವ ಜರ್ನಲ್‌ಗಳೂ ಇವೆ. ಉಚಿತ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಇಳಿಸಿಕೊಂಡ ಲೇಖನ ಓದಲು ಜಾಗ? ಒಂದು-ಎರಡು ಕೋಣೆಯ ಮನೆಗಳಲ್ಲಿ ಅದೂ ಸಮಸ್ಯೆಯೇ. 1864ರ ಕಲ್ಯಾಣದ ಸಾರ್ವಜನಿಕ ವಾಚನಾಲಯ, 1893ರ ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯಗಳಿಗೆ ಥೆರಪಿ ಪುಸ್ತಕ ಹುಡುಕಿಕೊಂಡು ಹೋಗಬೇಕಿಲ್ಲ. ಆದರೆ ಊರಿನ ಇಂಥ ಗ್ರಂಥಾಲಯಗಳಲ್ಲಿ ಕೂತು ಓದಲು ಅವಕಾಶ ಇದೆಯೇ ಎಂದು ವಿಚಾರಿಸಬಹುದು.

ಇಷ್ಟೆಲ್ಲ ಮಾಡಿಯೂ ಒಂದು ಲೇಖನ ಕೈಗೆ ಸಿಗದಿದ್ದರೆ ಉಳಿದಿರುವುದು ಅದನ್ನು ಬರೆದವರು. ಸಾರಾಂಶದ ಪುಟದಲ್ಲಿ ಸಂಪರ್ಕ ಲೇಖಕರ ಇಮೇಲ್ ಸಾಮಾನ್ಯವಾಗಿ ಇರುತ್ತದೆ. ತಾನು ಯಾವ ಕಾಲೇಜಿನ ವಿದ್ಯಾರ್ಥಿ, ಯಾವ ವಿಷಯಕ್ಕೆ ಬೇಕು ಎಂದು ನಾಲ್ಕು ಸಾಲು ಬರೆದು ಪ್ರತಿ ಕೇಳಿದರೆ ಖುಷಿಯಿಂದ ಕಳಿಸುವವರು ಇದ್ದಾರೆ. ಉತ್ತರಕ್ಕೆ ವಾರ, ಹತ್ತು ದಿನ ಹಿಡಿಯಬಹುದು. ಸಿನಾಪ್ಸಿಸ್ ಕೊಡುವ ಹಿಂದಿನ ರಾತ್ರಿ ಬರೆದರೆ ಪ್ರಯೋಜನವಿಲ್ಲ.