ಮೂವರು ಮಾಣಿಗಳೂ ಎರಡು ಪಾಳಿಗಳೂ

ನಮ್ಮ ಹೋಟೆಲುಗಳ ತಕ್ಕಡಿಗೂ ಗುಮಾಸ್ತ ಬಂಧುಗಳ ಕಚೇರಿಯ ಗಡಿಯಾರಕ್ಕೂ ಕಡೆಯ ಪ್ರಮಾಣ ದೊರೆಯುವ ಸ್ಥಳವು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದಿರುವ ರಸ್ತೆಗೆ ಡಾ. ಕೆ. ಎಸ್. ಕೃಷ್ಣನ್ ಅವರ ಹೆಸರಿದೆ. 1928ರಲ್ಲಿ ಸರ್ ಸಿ. ವಿ. ರಾಮನ್ನರ ಸಂಗಡ ದುಡಿದ ಇವರು 1947ರಿಂದ 1961ರಲ್ಲಿ ನಿಧನರಾಗುವವರೆಗೆ ಆ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದರು. ಅದಕ್ಕೂ ಮುನ್ನ ಢಾಕಾ, ಕಲ್ಕತ್ತೆಗಳಲ್ಲಿ ಸಣ್ಣ ಹರಳುಗಳನ್ನು ನವಿರಾದ ಎಳೆಯಿಂದ ಅಯಸ್ಕಾಂತದ ನಡುವೆ ತೂಗಬಿಟ್ಟು ಅವುಗಳ ಕಾಂತಗುಣವನ್ನು ಅಳೆದವರು. ನಾವು ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನೂ ಅವುಗಳಲ್ಲೊಂದು.

ಸ್ಪಿನ್ ಎಂಬ ಗುಣದಿಂದಾಗಿ ಪ್ರತಿಯೊಂದು ಎಲೆಕ್ಟ್ರಾನೂ ಒಂದು ಸೂಕ್ಷ್ಮ ಅಯಸ್ಕಾಂತ. ನ್ಯಾಫ್ತಲೀನಿನಲ್ಲಿ ಅವೆಲ್ಲ ಜೋಡಿಗೂಡಿ ಪರಸ್ಪರರ ಬಲವನ್ನು ಅಳಿಸಿಬಿಡುತ್ತವೆ. ಒಂಟಿ ಎಲೆಕ್ಟ್ರಾನುಗಳುಳ್ಳ ಇಂಗಾಲದ ಹರಳುಗಳನ್ನು ರಸಾಯನಜ್ಞರು ತರುವಾಯ ನಿರ್ಮಿಸಿದರು. ಅಂಥ ಕೆಲವು ಹರಳುಗಳಲ್ಲಿ ನೆರೆಯ ಎಲೆಕ್ಟ್ರಾನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖಮಾಡಬಯಸುತ್ತವೆ. ಅವು ತ್ರಿಕೋನದ ಮೂರು ಮೂಲೆಗಳಲ್ಲಿ ಕುಳಿತರೆ ಗತಿಯೇನು?

ಹಗಲು, ರಾತ್ರಿ ಎಂಬ ಎರಡೇ ಪಾಳಿಗಳುಳ್ಳ ಹೋಟೆಲಿನಲ್ಲಿ ಮೂವರು ಮಾಣಿಗಳಿದ್ದು, ಯಾರೊಬ್ಬರೂ ಮತ್ತೊಬ್ಬರ ಸಂಗಡ ಒಂದೇ ಪಾಳಿಯಲ್ಲಿ ದುಡಿಯಲೊಲ್ಲೆವೆಂದರೆ ಯಜಮಾನನು ಏನು ಮಾಡಿಯಾನು? ಇಬ್ಬರಿಗೆ ಪಾಳಿ ಗೊತ್ತುಮಾಡಬಹುದು. ಮೂರನೆಯವನನ್ನು ಎಲ್ಲಿ ಹಾಕಿದರೂ ಜಗಳವೇ. ಹೋಟೆಲು ನಡೆಸಿದ ನಮಗೆ ಈ ಸಂಕಟ ಹೊಸತಲ್ಲ.

1973ರಲ್ಲಿ ಅಮೆರಿಕೆಯ ಪಿ. ಡಬ್ಲ್ಯು. ಆಂಡರ್ಸನ್ ಒಂದು ವಿಚಾರವನ್ನು ಮುಂದಿಟ್ಟರು. ಇಂಥ ಎಲೆಕ್ಟ್ರಾನುಗಳು ಒಂದೇ ಏರ್ಪಾಟಿಗೆ ಕಟ್ಟುಬೀಳದೆ, ಸಾಧ್ಯವಿರುವ ನಾನಾ ಜೋಡಿಗಳ ಬೆರಕೆಯಾಗಿ ಉಳಿದು, ಎಂಥ ಶೀತದಲ್ಲೂ ಹೆಪ್ಪುಗಟ್ಟದಿರಬಹುದೆಂದರು. ಇದಕ್ಕೇ ಕ್ವಾಂಟಂ ಸ್ಪಿನ್ ದ್ರವವೆಂದು ಹೆಸರು. ಹರಳು ಗಟ್ಟಿಯೇ, ದ್ರವದಂತಿರುವುದು ಅದರೊಳಗಿನ ಕಾಂತಗುಣ ಮಾತ್ರ.

ಶೀತದ ಕಡೆಯ ಮೇರೆಯಾದ ಪರಮ ಶೂನ್ಯವು ನೀರು ಹೆಪ್ಪುಗಟ್ಟುವ ಶೀತಕ್ಕಿಂತ 273 ಡಿಗ್ರಿ ಕೆಳಗಿದೆ. 2003ರಲ್ಲಿ ಟೋಕಿಯೋದ ಕಾನೋಡ ಮತ್ತು ಸಂಗಡಿಗರು ಇಂಗಾಲ, ಗಂಧಕ, ತಾಮ್ರಗಳುಳ್ಳ ಒಂದು ಹರಳನ್ನು ಅದಕ್ಕಿಂತ ಕೇವಲ 0.032 ಡಿಗ್ರಿ ಮೇಲಿನವರೆಗೆ ತಣಿಸಿದರು. ಆದರೂ ಎಲೆಕ್ಟ್ರಾನುಗಳು ಸಾಲುಗಟ್ಟಲಿಲ್ಲ. ಆಂಡರ್ಸನ್ನರ ದ್ರವ ದೊರೆಯಿತೆಂದು ಬಹುಮಂದಿ ನಂಬಿದರು.

ಆದರೆ 2021ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ವಿಜ್ಞಾನಿಗಳು ಅದೇ ಬಗೆಯ ಹರಳನ್ನು ಬೇರೊಂದು ವಿಧಾನದಿಂದ ಅಳೆದರು. ಪರಮ ಶೂನ್ಯಕ್ಕಿಂತ ಸುಮಾರು 6 ಡಿಗ್ರಿ ಮೇಲಿರುವಾಗಲೇ ಅದರ ಕಾಂತಗುಣ ಕುಗ್ಗತೊಡಗಿತು. ಎಲೆಕ್ಟ್ರಾನುಗಳು ಅಲ್ಲಿ ಸ್ಥಿರವಾದ ಜೋಡಿಗಳನ್ನು ಕಟ್ಟಿಕೊಳ್ಳುತ್ತವೆಂಬುದು ಅವರ ಅಭಿಪ್ರಾಯ. ಹದಿನೆಂಟು ವರ್ಷ ಬಲ್ಲವರು ಒಪ್ಪಿದ ಮಾತು ಮತ್ತೆ ತಕ್ಕಡಿಗೇರಿತು. ಇದರಿಂದ ಕಾನೋಡರ ಕೀರ್ತಿಗೆ ಕುಂದಿಲ್ಲ; ವಿವಾದಕ್ಕೆ ಬಿದ್ದಿರುವುದು ಅವರ ಅಳತೆಯಲ್ಲ, ಅದರ ಅರ್ಥ.

ನಾವು ಎಸ್.ಎಸ್.ಎಲ್.ಸಿ. ದಾಟಿದವರಲ್ಲ. ಮಾಣಿಗಳ ಪಾಳಿಯ ಲೆಕ್ಕವೇ ನಮಗೆ ಈ ವಿಷಯದ ಬಾಗಿಲು ತೆರೆಯಿತು. ಕೆಲಸ ಮುಗಿಸಿ ಕೃಷ್ಣನ್ ಮಾರ್ಗದಲ್ಲಿ ಸಾಗುವ ನಮ್ಮ ತರುಣರು ಫಲಕದ ಹೆಸರನ್ನೊಮ್ಮೆ ಓದಲಿ. ಸಂಜೆ ಕಾಲೇಜಿಗೆ ಸೇರಬಯಸುವವರು ಇಂಥ ವಿದ್ಯೆ ತಮ್ಮದಲ್ಲವೆಂದು ಬಗೆಯದಿರಲಿ.